ಸೀಮೆಸುಣ್ಣದ ಗೀಟಿನ ಬೆಲೆ

ನಮ್ಮ ಸಂಘಗಳ ವಾರ್ಷಿಕೋತ್ಸವದಲ್ಲಿ ಭಾಷಣ ಮಾಡಲು ಬರುವ ಅತಿಥಿಗಳು ಹೇಳುವ ಕಥೆಗಳಲ್ಲಿ ಒಂದಕ್ಕೆ ಚಪ್ಪಾಳೆ ತಪ್ಪಿದ್ದನ್ನು ನಾನು ಕಂಡಿಲ್ಲ. ಅಮೆರಿಕದ ಹೆನ್ರಿ ಫೋರ್ಡನ ಕಾರ್ಖಾನೆಯಲ್ಲಿ ಒಂದು ದೊಡ್ಡ ಜನರೇಟರ್ ಕೆಟ್ಟಿತು. ಅಲ್ಲಿನ ಎಂಜಿನಿಯರುಗಳ ಕೈಲಿ ಆಗಲಿಲ್ಲ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಸಿದ್ಧ ವಿಜ್ಞಾನಿ ಚಾರ್ಲ್ಸ್ ಸ್ಟೈನ್‌ಮೆಟ್ಸ್‌ನನ್ನು ಕರೆಸಿದರು. ಆತ ಎರಡು ದಿನ ಯಂತ್ರದ ಸದ್ದನ್ನು ಕೇಳುತ್ತ, ಲೆಕ್ಕ ಹಾಕುತ್ತ ಕುಳಿತಿದ್ದು, ಕೊನೆಗೆ ಏಣಿ ಹತ್ತಿ ಯಂತ್ರದ ಮೈಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆದ. ಆ ಜಾಗವನ್ನು ಬಿಚ್ಚಿ ಸುರುಳಿ ಸರಿಪಡಿಸಿದರು, ಯಂತ್ರ ನಡೆಯಿತು. ಬಿಲ್ಲು ಬಂತು: 10,000 ಡಾಲರ್. ಫೋರ್ಡ್ ವಿವರ ಕೇಳಿದ. ವಿವರ ಹೀಗಿತ್ತು: ಗೀಟು ಎಳೆದದ್ದಕ್ಕೆ 1 ಡಾಲರ್, ಎಲ್ಲಿ ಎಳೆಯಬೇಕೆಂದು ತಿಳಿದಿದ್ದಕ್ಕೆ 9,999 ಡಾಲರ್.

ಇದೇ ಕಥೆ ಹಡಗು, ಸುತ್ತಿಗೆ, ಮುದುಕ ಮೆಕ್ಯಾನಿಕ್ ಎಂದು ವೇಷ ಬದಲಿಸಿಕೊಂಡು ಕ್ಯಾಲೆಂಡರಿನ ಹಿಂಬದಿಯಲ್ಲಿ, ಪತ್ರಿಕೆಗಳ ಖಾಲಿ ಜಾಗದಲ್ಲಿ, ಈಗ ಎಲ್ಲರ ಫೋನುಗಳಲ್ಲಿ ಓಡಾಡುತ್ತಿದೆ. ಕಥೆಗೆ ಚಪ್ಪಾಳೆ ತಟ್ಟಿದ ನಾವೇ ಮರುದಿನ ಮನೆಗೆ ಬಂದ ಎಲೆಕ್ಟ್ರಿಷಿಯನ್ನಿಗೆ, "ಹತ್ತು ನಿಮಿಷದ ಕೆಲಸಕ್ಕೆ ನಾನೂರು ರೂಪಾಯಿಯೇ?" ಎಂದು ಕೇಳುತ್ತೇವೆ. ಇದನ್ನು ನಮ್ಮ ಕಪಟವೆಂದು ಬೈದು ಮುಗಿಸುವುದು ಸುಲಭ. ಆದರೆ ನನಗೆ ಅನುಮಾನವಿರುವುದು ನಮ್ಮ ಮೇಲಿಗಿಂತ ಆ ಕಥೆಯ ಮೇಲೆ. ಇಷ್ಟು ಜನಪ್ರಿಯವಾದ ಕಥೆ ನಮಗೆ ಬೇಕಾದ ಹೊತ್ತಿನಲ್ಲಿ ಉಪಯೋಗಕ್ಕೆ ಬಾರದೆ ಹೋಗುವುದೇಕೆ? ಆದ್ದರಿಂದ ಕಥೆಯನ್ನು ಕಥೆಯೆಂದೇ ತೆಗೆದುಕೊಂಡು ಸ್ವಲ್ಪ ವಿಮರ್ಶೆ ಮಾಡಿ ನೋಡೋಣ.

ಮೊದಲು ಅದರ ಹುಟ್ಟು. ಸ್ಟೈನ್‌ಮೆಟ್ಸ್ ತೀರಿಕೊಂಡದ್ದು 1923ರಲ್ಲಿ. ಈ ಕಥೆ ಪ್ರಸಿದ್ಧವಾದ ರೂಪದಲ್ಲಿ ಕಾಣಿಸಿಕೊಳ್ಳುವುದು 1965ರ ಲೈಫ್ ಪತ್ರಿಕೆಗೆ ಓದುಗನೊಬ್ಬ ಬರೆದ ಪತ್ರದಲ್ಲಿ. ನಲವತ್ತು ವರ್ಷಗಳ ಅಂತರದಲ್ಲಿ ಬಾಯಿಂದ ಬಾಯಿಗೆ ಹೋದ ಕಥೆಗೆ ಎಷ್ಟು ಉಪ್ಪುಕಾರ ಸೇರುತ್ತದೆಂದು ಹಳ್ಳಿಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಇರಲಿ. ನಡೆದಿತ್ತೋ ಇಲ್ಲವೋ, ಕಥೆ ಕಲಿಸುವ ನೀತಿ ಸರಿಯಾಗಿದ್ದರೆ ಸಾಕು.

ನೀತಿ ಏನು? ಕೆಲಸದ ಬೆಲೆಯನ್ನು ಗಡಿಯಾರದಿಂದ ಅಳೆಯಬೇಡಿ, ವಿದ್ಯೆಯಿಂದ ಅಳೆಯಿರಿ ಎಂಬುದು. ಅರ್ಧ ಸತ್ಯವೆಂದು ಒಪ್ಪುತ್ತೇನೆ. ಉಳಿದ ಅರ್ಧವನ್ನು ಕಥೆ ಜಾಣತನದಿಂದ ಮುಚ್ಚಿಟ್ಟಿದೆ. ಫೋರ್ಡನ ಎಂಜಿನಿಯರುಗಳೆಲ್ಲ ಮೊದಲೇ ಸೋತಿದ್ದರು. ಆದ್ದರಿಂದ ಈ ವಿದ್ಯೆ ಅಪರೂಪವೆಂದು ಅವನಿಗೆ ಖಾತ್ರಿಯಿತ್ತು. ನಮ್ಮ ಮನೆಯಲ್ಲಿ ಫ್ಯಾನು ನಿಂತಾಗ ಅಂಥ ಖಾತ್ರಿ ಎಲ್ಲಿದೆ? ಕೆಟ್ಟದ್ದು ಕೆಪಾಸಿಟರ್ ಎಂದು ಕಂಡುಹಿಡಿಯಲು ಸ್ಟೈನ್‌ಮೆಟ್ಸ್ ಬೇಕಾಗಿಲ್ಲ, ಎರಡು ವರ್ಷದ ಐ.ಟಿ.ಐ. ಮುಗಿಸಿದ ಹುಡುಗ ಸಾಕು. ಆದರೆ ಆ ಹುಡುಗ "ವೈಂಡಿಂಗೇ ಸುಟ್ಟಿದೆ" ಎಂದರೆ ಅದನ್ನು ಅಲ್ಲಗಳೆಯುವ ಶಕ್ತಿ ಗೃಹಸ್ಥನಿಗಿಲ್ಲ. ಅಂದರೆ ಗಿರಾಕಿಗೆ ಗೊತ್ತಿಲ್ಲದ್ದಕ್ಕೆ ಹಣ ಕೊಡುವಾಗ, ಗೊತ್ತಿಲ್ಲವೆಂಬ ಕಾರಣಕ್ಕಾಗಿಯೇ ಅದರ ಬೆಲೆ ಕಟ್ಟಲೂ ಅವನಿಗೆ ಬರುವುದಿಲ್ಲ. ನ್ಯಾಯವಾದ ಬೆಲೆಯ ಪ್ರಶ್ನೆಯ ಗಂಟು ಇರುವುದು ಇಲ್ಲಿ. ಕಥೆ ಈ ಗಂಟನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಅದು ಪ್ರಾಮಾಣಿಕನಿಗೆ ಎಷ್ಟು ಆಸರೆಯೋ ಸುಲಿಗೆಗಾರನಿಗೂ ಅಷ್ಟೇ ಆಸರೆ.

ಈ ಕಥೆಗೆ ಅಣ್ಣನಂತಿರುವ ಒಂದು ನಿಜವಾದ ಪ್ರಸಂಗ ಇಂಗ್ಲೆಂಡಿನ ನ್ಯಾಯಾಲಯದ ದಾಖಲೆಯಲ್ಲಿದೆ. ಚಿತ್ರಕಾರ ವಿಸ್ಲರ್ ತನ್ನ ಒಂದು ಚಿತ್ರಕ್ಕೆ 200 ಗಿನಿ ಬೆಲೆ ಇಟ್ಟಿದ್ದ. ಜಾನ್ ರಸ್ಕಿನ್ ಅದನ್ನು ಹಳಿದು ಬರೆದ. ವಿಸ್ಲರ್ ಮಾನನಷ್ಟ ಮೊಕದ್ದಮೆ ಹೂಡಿದ. 1878ರ ನವೆಂಬರಿನಲ್ಲಿ ವಿಚಾರಣೆ ನಡೆದಾಗ ಎದುರು ವಕೀಲ, ಎರಡು ದಿನದ ಕೆಲಸಕ್ಕೆ ಇಷ್ಟು ಹಣವೇ ಎಂದು ಕೇಳಿದ. ಇದು ಜೀವಮಾನದ ಅನುಭವದ ಬೆಲೆ ಎಂಬರ್ಥದ ಉತ್ತರ ವಿಸ್ಲರನಿಂದ ಬಂತು. ಮೊಕದ್ದಮೆ ಅವನೇ ಗೆದ್ದ. ಆದರೆ ಪರಿಹಾರವೆಂದು ಸಿಕ್ಕಿದ್ದು ಒಂದು ಫಾರ್ದಿಂಗ್, ಅಂದರೆ ಒಂದು ಪೆನ್ನಿಯ ನಾಲ್ಕನೆಯ ಒಂದು ಭಾಗ! ಖರ್ಚಿನಿಂದ ಮುಂದಿನ ವರ್ಷ ದಿವಾಳಿಯಾದ. ಚಪ್ಪಾಳೆ ಗಿಟ್ಟಿಸುವ ಉತ್ತರಕ್ಕೂ ಹೊಟ್ಟೆ ತುಂಬುವುದಕ್ಕೂ ಇರುವ ದೂರ ಇಷ್ಟು.

ಈ ಪ್ರಸಂಗದಲ್ಲಿ ನನಗೆ ಹೆಚ್ಚು ಸ್ವಾರಸ್ಯವಾಗಿ ಕಾಣುವುದು ಎದುರು ಪಕ್ಷದಲ್ಲಿದ್ದ ರಸ್ಕಿನ್. 1860ರಲ್ಲಿ ಲೇಖನಗಳಾಗಿ ಬಂದ 'ಅನ್ ಟು ದಿಸ್ ಲಾಸ್ಟ್' ಬರೆದವನು ಇವನೇ. ಗಾಂಧೀಜಿ ಅದನ್ನು 1904ರಲ್ಲಿ ದಕ್ಷಿಣ ಆಫ್ರಿಕದ ರೈಲಿನಲ್ಲಿ ಓದಿ, 1908ರಲ್ಲಿ 'ಸರ್ವೋದಯ' ಎಂದು ಗುಜರಾತಿಗೆ ಇಳಿಸಿದರು. ಕೂಲಿಯ ದರವನ್ನು ಚೌಕಾಸಿಯಿಂದ ನಿರ್ಣಯಿಸಬಾರದು ಎಂಬುದು ಆ ಪುಸ್ತಕದ ಒಂದು ಮುಖ್ಯ ವಾದ. ವೈದ್ಯನ ಹತ್ತಿರ ನಾವು ಫೀಜಿಗೆ ಚೌಕಾಸಿ ಮಾಡುವುದಿಲ್ಲ. ಒಳ್ಳೆಯ ವೈದ್ಯನನ್ನು ಆರಿಸಿಕೊಳ್ಳುತ್ತೇವೆ, ನಿಗದಿಯಾದದ್ದನ್ನು ಕೊಡುತ್ತೇವೆ. ಮಿಕ್ಕ ಕೆಲಸಗಾರರ ವಿಷಯದಲ್ಲೂ ಹೀಗೆಯೇ ಇರಲಿ. ದರ ಒಂದೇ ಇರಲಿ, ಒಳ್ಳೆಯವನನ್ನು ಕರೆಯಿರಿ, ಕೆಟ್ಟವನನ್ನು ಕರೆಯಬೇಡಿ ಎಂದು ಆತ ಹೇಳುತ್ತಾನೆ. ಕೆಟ್ಟ ಕೆಲಸಗಾರ ಅರ್ಧ ಬೆಲೆಗೆ ಒಪ್ಪಿಕೊಂಡಾಗ ಒಳ್ಳೆಯವನೂ ಇಳಿಯಬೇಕಾಗುತ್ತದೆ ಎಂಬುದು ಅವನ ತರ್ಕ. ಚಿತ್ರದ ಬೆಲೆಯ ವಿಷಯದಲ್ಲಿ ಸಹನೆ ಕಳೆದುಕೊಂಡ ಮನುಷ್ಯ ಕೂಲಿಯ ವಿಷಯದಲ್ಲಿ ನಮಗಿಂತ ಎಷ್ಟು ಮುಂದಿದ್ದ ನೋಡಿ.

ರಸ್ಕಿನ್ ಹೇಳಿದ್ದರಲ್ಲೂ ಒಂದು ಕೊರತೆಯಿದೆ. ನಿಗದಿಯಾದ ದರ ಎಷ್ಟಿರಬೇಕೆಂದು ಹೇಳುವವರು ಯಾರು? ನಮ್ಮಂಥ ಸರ್ಕಾರಿ ನೌಕರರಿಗೆ ತಟ್ಟನೆ ಹೊಳೆಯುವ ಗ್ರಂಥವೊಂದಿದೆ: ಕೇಂದ್ರ ಲೋಕೋಪಯೋಗಿ ಇಲಾಖೆಯವರ ದೆಹಲಿ ದರಪಟ್ಟಿ. ಅದನ್ನು ಹಗುರವಾಗಿ ಕಾಣಬಾರದು. ಅದರ ಜೊತೆಗಿರುವ ದರ ವಿಶ್ಲೇಷಣೆಯ ಸಂಪುಟಗಳನ್ನು ತಿರುವಿದರೆ ಪ್ರತಿಯೊಂದು ಕೆಲಸವನ್ನೂ ಸಾಮಾನು, ಕೂಲಿ ಎಂದು ಬಿಡಿಸಿ, ವೈರ್‌ಮನ್ನನ ದಿನದಲ್ಲಿ ಎಷ್ಟು ಭಾಗ, ಖಲಾಸಿಯ ದಿನದಲ್ಲಿ ಎಷ್ಟು ಭಾಗ ಎಂದು ಲೆಕ್ಕ ಕಟ್ಟಿ, ಕೊನೆಗೆ ಗುತ್ತಿಗೆದಾರನ ಲಾಭಕ್ಕೂ ಮೇಲ್ಖರ್ಚಿಗೂ ಶೇಕಡಾ 15 ಸೇರಿಸಿರುವುದು ಕಾಣುತ್ತದೆ. ಸೀಮೆಸುಣ್ಣದ ಕಥೆಗಿಂತ ಇದು ಎಷ್ಟೋ ಪ್ರಾಮಾಣಿಕವಾದ ಬರಹ. ಏಕೆಂದರೆ ಇಲ್ಲಿ ಬೆಲೆ ತನ್ನ ಕಾರಣಗಳನ್ನು ಜೊತೆಗೇ ಹೇಳುತ್ತದೆ.

ಆದರೂ ಆ ದರವನ್ನು ಹಿಡಿದುಕೊಂಡು ಮನೆಗೆ ಬಂದ ಎಲೆಕ್ಟ್ರಿಷಿಯನ್ನಿನ ಜೊತೆ ವಾದಿಸಿದರೆ ಅನ್ಯಾಯವಾಗುತ್ತದೆ. ದರಪಟ್ಟಿ ಹುಟ್ಟಿದ್ದು ನೂರಾರು ಪಾಯಿಂಟುಗಳ ಕಟ್ಟಡಕ್ಕಾಗಿ. ಬೆಳಿಗ್ಗೆ ಬಂದವನು ಸಂಜೆಯವರೆಗೆ ಒಂದೇ ಕಡೆ ನಿಂತು ಕೆಲಸ ಮಾಡುತ್ತಾನೆಂದು ಅದು ಎಣಿಸುತ್ತದೆ. ನಮ್ಮ ಮನೆಯ ಒಂದೇ ಒಂದು ಸ್ವಿಚ್ಚಿಗಾಗಿ ಅವನು ಸದರಿನಿಂದ ಮನೀಷ್‌ನಗರಕ್ಕೆ ಬರಬೇಕು, ಮೂರನೆಯ ಮಹಡಿ ಹತ್ತಬೇಕು, ನೋಡಬೇಕು, ಸಾಮಾನಿಗಾಗಿ ಮತ್ತೆ ಅಂಗಡಿಗೆ ಹೋಗಬೇಕು. ಬರುವ ಹೋಗುವ ಖರ್ಚು ನೂರು ಪಾಯಿಂಟುಗಳ ಮೇಲೆ ಹರಡಿದರೆ ಕಾಣುವುದಿಲ್ಲ. ಒಂದೇ ಸ್ವಿಚ್ಚಿನ ಮೇಲೆ ಕುಳಿತರೆ ಕಣ್ಣು ಕುಕ್ಕುತ್ತದೆ.

ಇಲ್ಲಿ ನಮಗೆ ನೆರವಾಗುವವನು ಆಡಂ ಸ್ಮಿತ್. 1776ರ ತನ್ನ ಗ್ರಂಥದಲ್ಲಿ, ಬೇರೆ ಬೇರೆ ಕಸುಬಿಗೆ ಬೇರೆ ಬೇರೆ ಕೂಲಿ ಏಕೆ ಎಂಬುದಕ್ಕೆ ಆತ ಐದು ಕಾರಣ ಕೊಡುತ್ತಾನೆ: ಕೆಲಸ ಹಿತವೋ ಅಹಿತವೋ, ಕಲಿಯುವುದು ಎಷ್ಟು ಕಷ್ಟ ಮತ್ತು ಖರ್ಚಿನದು, ಕೆಲಸ ಸದಾ ಸಿಗುವುದೋ ಆಗಾಗ ಮಾತ್ರವೋ, ಕೆಲಸಗಾರನ ಮೇಲೆ ಎಷ್ಟು ನಂಬಿಕೆ ಇಡಬೇಕು, ಆ ಕಸುಬಿನಲ್ಲಿ ಗೆಲ್ಲುವ ಸಂಭವ ಎಷ್ಟು. ಮೂರನೆಯದಕ್ಕೆ ಅವನು ಗಾರೆ ಕೆಲಸದವನ ಉದಾಹರಣೆ ಕೊಡುತ್ತಾನೆ. ಹಿಮ ಬಿದ್ದಾಗ, ಹವೆ ಕೆಟ್ಟಾಗ ಅವನಿಗೆ ಕೆಲಸವಿಲ್ಲ. ಮಿಕ್ಕ ದಿನಗಳಲ್ಲೂ ಗಿರಾಕಿ ಕರೆದರೆ ಮಾತ್ರ ಕೆಲಸ. ಆದ್ದರಿಂದ ಕೆಲಸದ ದಿನದ ಸಂಪಾದನೆ ಕೆಲಸವಿಲ್ಲದ ದಿನವನ್ನೂ ಸಾಕಬೇಕು. ಜೊತೆಗೆ, ನಾಳೆ ಏನೋ ಎಂಬ ಚಿಂತೆಗೂ ಅಷ್ಟಿಷ್ಟು ಪರಿಹಾರ ಸಿಗಬೇಕು ಎನ್ನುತ್ತಾನೆ. ಸೀಮೆಸುಣ್ಣದ ಕಥೆ ಹೇಳಿದ್ದು ಈ ಐದರಲ್ಲಿ ಎರಡನೆಯದನ್ನು ಮಾತ್ರ.

ಈ ಮೂರನೆಯ ಕಾರಣದ ತೂಕ ತಿಳಿಯಬೇಕಾದರೆ ನಮ್ಮದೇ ಲೆಕ್ಕವನ್ನು ಹಾಕಿ ನೋಡುವುದು ಒಳ್ಳೆಯದು. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ 1985ರಿಂದ ವಾರಕ್ಕೆ ಐದು ದಿನ ಕೆಲಸ. ವರ್ಷದ 365 ದಿನಗಳಲ್ಲಿ ಶನಿವಾರ ಭಾನುವಾರ 104. ಹಬ್ಬದ ರಜೆ 17. ಗಳಿಕೆ ರಜೆ 30. ಸಾಂದರ್ಭಿಕ ರಜೆ 8. ಉಳಿದದ್ದು 206. ಕೆಲವು ರಜೆಗಳು ವಾರಾಂತ್ಯದ ಮೇಲೆ ಬೀಳುವುದರಿಂದ ಹತ್ತು ದಿನ ಸೇರಿಸಿ 216 ಎನ್ನೋಣ. ಏಳನೆಯ ವೇತನ ಆಯೋಗದ ಪಟ್ಟಿಯಲ್ಲಿ ಮೇಲ್ದರ್ಜೆ ಗುಮಾಸ್ತನ ಮೊದಲ ಮೂಲವೇತನ ತಿಂಗಳಿಗೆ 25,500, ವರ್ಷಕ್ಕೆ 3,06,000 ರೂಪಾಯಿ. ಇದನ್ನು 216ರಿಂದ ಭಾಗಿಸಿದರೆ ಕೆಲಸ ಮಾಡಿದ ಒಂದೊಂದು ದಿನಕ್ಕೆ ಸುಮಾರು 1,417 ರೂಪಾಯಿ. ತುಟ್ಟಿಭತ್ಯ, ಮನೆಬಾಡಿಗೆ ಭತ್ಯ, ಸಿ.ಜಿ.ಎಚ್.ಎಸ್. ಔಷಧ, ಪಿಂಚಣಿಗೆ ಸರ್ಕಾರ ತುಂಬುವ ಹಣ, ಇದಾವುದನ್ನೂ ನಾನು ಸೇರಿಸಿಲ್ಲ. ನಾವು ಜ್ವರ ಬಂದು ಮಲಗಿದ ದಿನದ ಗಂಜಿಯ ಬೆಲೆಯೂ ಸಂಬಳದಲ್ಲಿದೆ. ಅವನಿಗೆ ಜ್ವರ ಬಂದ ದಿನದ ಗಂಜಿಯನ್ನು, ಅವನು ಕೆಲಸ ಮಾಡಿದ ದಿನ ಕರೆದವರೇ ಕೊಡಬೇಕು. ಬೇರೆ ಯಾರೂ ಕೊಡುವುದಿಲ್ಲ.

ಅವನ ಕಡೆಯ ಲೆಕ್ಕವನ್ನೂ ಮಾದರಿಗಾಗಿ ಹಾಕೋಣ. ಸಂಸಾರಕ್ಕೆ ತಿಂಗಳಿಗೆ 25,000 ರೂಪಾಯಿ ಬೇಕು. ಪೆಟ್ರೋಲು, ಫೋನು, ಡ್ರಿಲ್ಲು ಮೊದಲಾದ ಉಪಕರಣಗಳ ಸವಕಳಿ ಎಂದು 5,000. ತಿಂಗಳಿಗೆ 25 ದಿನ, ವರ್ಷದ ಸರಾಸರಿಯಲ್ಲಿ ದಿನಕ್ಕೆ ಮೂರು ಮನೆ ಎಂದರೆ 75 ಮನೆ. ಮನೆಯೊಂದಕ್ಕೆ 400 ರೂಪಾಯಿ. ಹಾಗಾದರೆ ಹತ್ತು ನಿಮಿಷದ ಕೆಲಸಕ್ಕೆ ಕೇಳಿದ ನಾನೂರು ರೂಪಾಯಿ ಸುಲಿಗೆಯಾಗಿರಬೇಕಾಗಿಲ್ಲ; ಅದು ಸಾಮಾನ್ಯ ಭಾಗಾಕಾರವೂ ಆಗಿರಬಹುದು. ಅಂಕಿಗಳನ್ನು ನಿಮ್ಮ ಬಡಾವಣೆಗೆ ತಕ್ಕಂತೆ ಬದಲಿಸಿಕೊಳ್ಳಿ, ಕ್ರಮ ಇದೇ. ಇದರಿಂದ ಒಂದು ಉಪಾಯವೂ ಹೊಳೆಯುತ್ತದೆ. ಒಂದು ಸ್ವಿಚ್ಚಿಗೆ ಒಮ್ಮೆ, ಒಂದು ಹೋಲ್ಡರಿಗೆ ಒಮ್ಮೆ ಕರೆಯದೆ, ಅಪಾಯವಿಲ್ಲದ ಸಣ್ಣ ಕೆಲಸಗಳನ್ನು ಚೀಟಿಯಲ್ಲಿ ಬರೆದಿಟ್ಟು ನಾಲ್ಕೈದು ಆದಮೇಲೆ ಕರೆದರೆ, ಅವನ ಗಳಿಕೆ ಕುಗ್ಗದೆ ನಮ್ಮ ಖರ್ಚು ಇಳಿಯುತ್ತದೆ. ಚೌಕಾಸಿಯಿಂದ ಇಳಿಸಿದ ಬೆಲೆ ಅವನ ಜೇಬಿನಿಂದ ಹೋಗುತ್ತದೆ. ಹೀಗೆ ಇಳಿಸಿದ ಬೆಲೆ ವ್ಯರ್ಥವಾಗುತ್ತಿದ್ದ ಓಡಾಟದಿಂದ ಹೋಗುತ್ತದೆ.

ಸ್ಮಿತ್ ಹೇಳಿದ ನಾಲ್ಕನೆಯ ಕಾರಣ, ನಂಬಿಕೆ. ನಾಗಪುರದಲ್ಲಿರುವ ನಮಗೆ ಇದು ಪುಸ್ತಕದ ಮಾತಲ್ಲ. ಏಪ್ರಿಲ್ ಬಂತೆಂದರೆ ಮನೆಮನೆಯ ಕಿಟಕಿಗೆ ಕೂಲರು ಏರುತ್ತದೆ. ತಗಡಿನ ಮೈ, ಒಳಗೆ ನೀರು, ನೀರಿನಲ್ಲಿ ಪಂಪು, ಸುತ್ತ ಒದ್ದೆ ನೆಲ, ಬರಿಗಾಲಿನ ಮಕ್ಕಳು. ಕೂಲರಿನ ಶಾಕಿನಿಂದಾದ ಸಾವಿನ ಸುದ್ದಿ ಇಲ್ಲದ ಬೇಸಿಗೆ ವಿದರ್ಭದಲ್ಲಿ ಅಪರೂಪ. ಭೂಸಂಪರ್ಕ ನೋಡಿಕೊಳ್ಳಿರೆಂದು ಮಹಾವಿತರಣದವರು ಬೇಸಿಗೆಯಲ್ಲಿ ಎಚ್ಚರಿಸುತ್ತಲೇ ಇರುತ್ತಾರೆ. ಅರ್ತಿಂಗ್ ತಂತಿಯ ಗುಣ ನೋಡಿ: ಅದು ಇಲ್ಲದಿದ್ದರೂ ಕೂಲರು ಚೆನ್ನಾಗಿ ನಡೆಯುತ್ತದೆ. ತಂಪಿಗೆ ಕೊರತೆಯಿಲ್ಲ, ಸದ್ದಿಗೆ ಕೊರತೆಯಿಲ್ಲ. ಇನ್ನೂರು ರೂಪಾಯಿ ಇಳಿಸಿದೆವೆಂದು ನಾವು ಹಿಗ್ಗುತ್ತೇವೆ; ಇಳಿದ ಇನ್ನೂರಕ್ಕೆ ತಕ್ಕ ಕೆಲಸ ಎಲ್ಲಿ ಇಳಿಯಿತೆಂದು ಯಾರಿಗೂ ಕಾಣುವುದಿಲ್ಲ. ಕಾಣುವ ಕಡೆ ಇಳಿಸಿದರೆ ನಾವು ಜಗಳಾಡುತ್ತೇವೆ. ಆದ್ದರಿಂದ ಇಳಿಯುವುದು ಕಾಣದ ಕಡೆಯೇ. 30 ಮಿಲಿ ಆಂಪಿಯರ್ ಸೋರಿದರೆ ಸಾಕು, ಕರೆಂಟು ಕಡಿಯುವ ಆರ್.ಸಿ.ಸಿ.ಬಿ. ಎಂಬ ಪೆಟ್ಟಿಗೆಯೂ ಹೀಗೆಯೇ. ಅದು ಉಪಯೋಗಕ್ಕೆ ಬರುವ ದಿನದವರೆಗೆ ದಂಡದ ಖರ್ಚಾಗಿಯೇ ಕಾಣುತ್ತದೆ.

ಸ್ಕ್ರೂ ಬಿಗಿ ಮಾಡುವ ಎರಡು ನಿಮಿಷದ ಕೆಲಸವನ್ನೂ ತೆಗೆದುಕೊಳ್ಳಿ. ಎರಡು ಕಿಲೋವಾಟಿನ ಗೀಜರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಸಾಕೆಟ್ಟಿನಲ್ಲಿ ತಂತಿ ಸಡಿಲವಾಗಿ 0.3 ಓಮ್‌ನಷ್ಟು ಅಡ್ಡಿ ಉಂಟಾದರೆ, ಕಾಲೇಜಿನಲ್ಲಿ ಕಲಿತ ಸೂತ್ರದಂತೆ ಆ ಒಂದೇ ಬಿಂದುವಿನಲ್ಲಿ ಸುಮಾರು 23 ವಾಟ್ ಶಾಖ. ರೇಡಿಯೋ ರಿಪೇರಿ ಅಂಗಡಿಯಲ್ಲಿ ಸೀಸ ಕರಗಿಸುವ ಬೆಸುಗೆ ಕಡ್ಡಿ 25 ವಾಟಿನದು. ಅಂದರೆ ಗೋಡೆಯೊಳಗೆ ಬೆಸುಗೆ ಕಡ್ಡಿಯೊಂದನ್ನು ಹಚ್ಚಿಟ್ಟು ಬಾಗಿಲು ಹಾಕಿಕೊಂಡು ಮಲಗಿದಂತೆ. ಆ ಸ್ಕ್ರೂ ಬಿಗಿ ಮಾಡಿದವನ ಕೆಲಸವನ್ನು ಎರಡು ನಿಮಿಷವೆಂದು ಅಳೆಯುವುದು ಸರಿಯೇ?

ಇಷ್ಟು ಹೇಳಿದ ಮೇಲೆ ಗಿರಾಕಿಯ ಕಡೆಯನ್ನೂ ಹೇಳದಿದ್ದರೆ ವಿಮರ್ಶೆ ಒಮ್ಮುಖವಾದೀತು. ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತ ಇಲ್ಲಿನ ಮಿಸ್ತ್ರಿ, "ದೇಖ್ ಲೋ ಭಾವೂ, ಜೋ ಠೀಕ್ ಲಗೇ ದೇ ದೋ" ಎನ್ನುತ್ತಾನೆ. ನಮ್ಮ ಊರುಗಳಲ್ಲಿ "ನೀವೇ ನೋಡಿ ಕೊಡಿ ಸ್ವಾಮಿ" ಎನ್ನುವ ಹಾಗೆ. ಕೇಳಲು ವಿನಯದ ಮಾತು. ಒಳಗೆ ನೋಡಿದರೆ ಇಬ್ಬರಿಗೂ ತೊಂದರೆಯ ಮಾತು. ತಿಳಿಯದವನ ತಲೆಯ ಮೇಲೆ ಬೆಲೆ ಕಟ್ಟುವ ಭಾರ ಹೊರಿಸಿ, ಕಡಿಮೆ ಕೊಟ್ಟರೆ ಮುಖ ಸಪ್ಪೆ ಮಾಡುವ ಅಧಿಕಾರವನ್ನು ಉಳಿಸಿಕೊಂಡಂತೆ. ಕೆಲವೊಮ್ಮೆ ಗಟ್ಟಿ ಬಾಯಿಯ ಗಿರಾಕಿ ಐವತ್ತು ಕೊಟ್ಟು ಕಳಿಸುವುದೂ ಇದೇ ಮಾತಿನ ಬಲದಿಂದ. ಆದ್ದರಿಂದ ಆ ಮಾತಿಗೆ ಅವಕಾಶ ಕೊಡದೆ, ಬರುವ ಮೊದಲೇ "ಬಂದು ನೋಡುವುದಕ್ಕೆ ಎಷ್ಟು, ಕೆಲಸಕ್ಕೆ ಎಷ್ಟು" ಎಂದು ಬೇರೆ ಬೇರೆಯಾಗಿ ಕೇಳಬೇಕು. ನಮ್ಮಲ್ಲಿ ಅನೇಕರು ಹಿಂದಿ ಮರಾಠಿ ಸರಿಯಾಗಿ ಬಾರದೆಂಬ ಸಂಕೋಚದಿಂದಲೇ ಕೇಳದೆ ಸುಮ್ಮನಿದ್ದು, ಆಮೇಲೆ ಮನೆಯೊಳಗೆ ಕನ್ನಡದಲ್ಲಿ ಬೈಯುತ್ತಾರೆ. ಮೊದಲು ಹರಕು ಹಿಂದಿಯಲ್ಲಿ ಕೇಳುವುದು ಇದಕ್ಕಿಂತ ಲೇಸು.

ಸಂಶಯಪಡಬೇಕಾದ ಜಾಗ ಕೂಲಿಯಲ್ಲ, ಸಾಮಾನು. ಕೂಲಿ ಕಡಿಮೆ ಹೇಳಿ, ಅಂಗಡಿಯವನಿಂದ ಕಮಿಷನ್ ಪಡೆದು ಅದನ್ನು ಸರಿದೂಗಿಸಿಕೊಳ್ಳುವ ರೂಢಿ ಹಲವು ಕಸುಬುಗಳಲ್ಲಿದೆ. ಇದಕ್ಕೆ ಅರ್ಧ ಹೊಣೆ ನಮ್ಮದೇ: ನೇರವಾಗಿ ಕೊಡಲು ಒಪ್ಪದ್ದನ್ನು ಅವನು ಬಳಸಿಕೊಂಡು ಪಡೆಯುತ್ತಾನೆ. ಸಾಮಾನಿನ ರಸೀದಿ ಕೇಳಿ, ತಂತಿಯ ಮೇಲೆ ಐ.ಎಸ್.ಐ. ಗುರುತು ನೋಡಿ, ಕೂಲಿಯನ್ನು ಬೇರೆಯಾಗಿ ತುಂಬ ಕೊಡಿ. "ವೈರಿಂಗೆಲ್ಲ ಹಾಳಾಗಿದೆ, ಪೂರ್ತಿ ಬದಲಿಸಬೇಕು" ಎಂದರೆ ಯಾವ ಪರೀಕ್ಷೆಯಿಂದ ತಿಳಿಯಿತೆಂದು ಕೇಳಿ. ಮೆಗ್ಗರ್ ಹಿಡಿದು ತೋರಿಸುವವನ ಮಾತಿಗೂ ಬರಿಯ ಟೆಸ್ಟರ್ ಚುಚ್ಚಿ ತಲೆಯಾಡಿಸುವವನ ಮಾತಿಗೂ ಬೆಲೆ ಒಂದೇ ಅಲ್ಲ. ಅಷ್ಟೇ ಅಲ್ಲದೆ ಕಾಯಿದೆಯ ಮಾತೊಂದಿದೆ. 1956ರ ಭಾರತೀಯ ವಿದ್ಯುತ್ ನಿಯಮಾವಳಿಯ 45ನೆಯ ನಿಯಮ, ದೀಪ, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥದ್ದನ್ನು ಬಿಟ್ಟು ಮಿಕ್ಕ ವೈರಿಂಗ್ ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರನೇ ಮಾಡಬೇಕೆಂದು ವಿಧಿಸಿತ್ತು. 2010ರಲ್ಲಿ ಬಂದ ಸುರಕ್ಷತಾ ನಿಯಮಗಳಲ್ಲೂ ಆ ಕಟ್ಟಳೆ ಉಳಿಯಿತು. ಚೌಕದಲ್ಲಿ ನಿಂತವನ ದರವನ್ನೂ ಪರವಾನಗಿಯವನ ದರವನ್ನೂ ಹೋಲಿಸುವ ಮೊದಲು, ಎರಡೂ ಒಂದೇ ಕೆಲಸಕ್ಕೆ ಹೇಳಿದ ದರವೇ ಎಂದು ನೋಡಬೇಕು.

ಕೊನೆಯದಾಗಿ, ಕನ್ನಡಿಗರಾದ ನಮಗೆ ಈ ಪ್ರಶ್ನೆ ಬಂದಾಗ ನೆನಪಾಗುವ ಕಥೆ ಫೋರ್ಡನದಲ್ಲ, ಆಯ್ದಕ್ಕಿ ಮಾರಯ್ಯನದು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ ಅವನದು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ, ಹೆಚ್ಚಾದದ್ದು ನಮ್ಮದಲ್ಲ, ಹಿಂದಿರುಗಿಸಿ ಬಾ ಎಂದು ಕಳಿಸಿದಳು. ಕೂಲಿಗಾರರ ದುರಾಸೆಯನ್ನು ಖಂಡಿಸುವ ಭಾಷಣಗಳಲ್ಲಿ ಈ ಕಥೆಯನ್ನು ಬಳಸುವುದುಂಟು. ಆ ಬಳಕೆ ಕಥೆಗೆ ಮಾಡಿದ ಅಪಚಾರವೆಂದು ನನ್ನ ಮತ. ಸಾಕು ಎಂದವಳು ಪಡೆಯುವವಳು, ಕೊಡುವ ಬಸವಣ್ಣನಲ್ಲ. ಅಂಗಳದಲ್ಲಿ ಅಕ್ಕಿ ಎಣಿಸಿ ಚೆಲ್ಲುವ ಮನೆ ಅದಾಗಿರಲಿಲ್ಲ. ಲಕ್ಕಮ್ಮನ ಮಾತನ್ನು ಎಲೆಕ್ಟ್ರಿಷಿಯನ್ ತಾನೇ ಹೇಳಿಕೊಂಡರೆ ಅದು ಅವನ ದೊಡ್ಡತನ. ಹಣದ ಚೀಲ ಹಿಡಿದ ನಾವು ಅವನಿಗೆ ಹೇಳಿದರೆ ಅದು ಬರಿಯ ಚೌಕಾಸಿ. ಕೊಡುವವನಿಗೆ ಆ ಕಥೆಯಲ್ಲಿರುವ ಪಾಠ ಬೇರೆ: ನಿನ್ನ ಅಂಗಳದಲ್ಲಿ ದುಡಿದವನ ಮನೆಯ ಒಲೆ ಆ ದಿನ ಉರಿಯುವಷ್ಟು ಅಲ್ಲಿ ಇರಬೇಕು.

ಇದೇ ಪಾಠವನ್ನು ನಮ್ಮ ಪಕ್ಕದ ವಾರ್ಧಾದಲ್ಲಿದ್ದಾಗ ಗಾಂಧೀಜಿ ಲೆಕ್ಕದ ರೂಪಕ್ಕೆ ತಂದರು. 1935ರಲ್ಲಿ, ನೂಲುವವರಿಗೆ ಎಂಟು ಗಂಟೆಯ ದುಡಿಮೆಗೆ ಎಂಟಾಣೆ ಸಿಗಬೇಕೆಂಬ ಮಾತನ್ನು ಮುಂದಿಟ್ಟರು. ಖಾದಿ ತುಟ್ಟಿಯಾಗುತ್ತದೆಂಬ ಆಕ್ಷೇಪ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಬಟ್ಟೆಯ ಬೆಲೆಯಿಂದ ಹಿಂದಕ್ಕೆ ಬಂದು ಕೂಲಿ ನಿಶ್ಚಯಿಸದೆ, ಬದುಕಿಗೆ ಬೇಕಾದ ಕೂಲಿಯಿಂದ ಮುಂದಕ್ಕೆ ಹೋಗಿ ಬಟ್ಟೆಯ ಬೆಲೆ ನಿಶ್ಚಯಿಸಬೇಕೆಂಬುದು ಅದರ ತಿರುಳು. ಸ್ಟೈನ್‌ಮೆಟ್ಸ್‌ನ ಬಿಲ್ಲು ಜಾಣ ಉತ್ತರ. ಇದು ನ್ಯಾಯವಾದ ಲೆಕ್ಕ. ನಮ್ಮ ಸಂಘದ ವೇದಿಕೆಯಲ್ಲಿ ಮುಂದಿನ ಸಲ ಸೀಮೆಸುಣ್ಣದ ಗೀಟಿನ ಕಥೆ ಹೇಳುವವರು ಅದಕ್ಕೆ ಇನ್ನೆರಡು ಸಾಲು ಸೇರಿಸಲಿ: ಕೆಲಸವಿಲ್ಲದ ದಿನದ ಊಟಕ್ಕೆ ಇಷ್ಟು, ನಿಮಗೆ ಕಾಣದ ಕಡೆ ಮೋಸ ಮಾಡದ್ದಕ್ಕೆ ಇಷ್ಟು. ಆಗ ಚಪ್ಪಾಳೆ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ.